ಓದುಗರ ಪ್ರಶ್ನೆ: ಮಲಾವಿಯ ಹಳ್ಳಿಗೆ ಪೋಷಣಾ ಸೇವೆಗೆ ಹೋಗುವ ಮುನ್ನ

ಆಗ್ನೇಯ ಆಫ್ರಿಕಾದ ಮಲಾವಿ ದೇಶದ ಗ್ರಾಮೀಣ ಪೋಷಣಾ ಕಾರ್ಯಕ್ರಮಗಳಲ್ಲಿ ಸ್ವಯಂಸೇವಕರಾಗಿ ದುಡಿಯುವುದರ ಬಗ್ಗೆ ಈ ಅಂಕಣಕ್ಕೆ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಆಹಾರ ಮತ್ತು ಪೋಷಣಾ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್ ಆಗಿದ್ದೇನೆ. ಆರು ವಾರಗಳ ರಜೆ ಒಟ್ಟಾಗಿದೆ. ಶುಲ್ಕ ಪಡೆದು ಸ್ವಯಂಸೇವಕರನ್ನು ವಿದೇಶಕ್ಕೆ ಕಳುಹಿಸುವ ಏಜೆನ್ಸಿಯೊಂದು, ಮಲಾವಿಯ ಹಳ್ಳಿಗಳಲ್ಲಿ ಮಕ್ಕಳಿಗೆ ಊಟ ಬಡಿಸುವ, ತೂಕ ನೋಡುವ, ತಾಯಂದಿರಿಗೆ ತಿಳಿವಳಿಕೆ ನೀಡುವ ಅವಕಾಶವಿದೆ ಎಂದು ಹೇಳುತ್ತಿದೆ. ಹೋಗಬಹುದೇ? — ಶಿವಮೊಗ್ಗ

ಉತ್ತರ: ಆರು ವಾರಕ್ಕಾದರೆ ಹೋಗಬೇಡಿ. ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ, ಮತ್ತು ಆ ಕಾರಣ ತಿಳಿಯಬೇಕಾದರೆ ಮಲಾವಿಯ ಹಳ್ಳಿಯಲ್ಲಿ ಈ ಕೆಲಸ ಯಾರ ಕೈಯಲ್ಲಿ, ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹಿಂದೆ ತೀವ್ರ ಅಪೌಷ್ಟಿಕತೆಗೆ ತುತ್ತಾದ ಮಗುವನ್ನು ತಾಯಿಯ ಸಮೇತ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇರಿಸಿಕೊಂಡು, ವಿಶೇಷವಾಗಿ ತಯಾರಿಸಿದ ಹಾಲು ಕುಡಿಸಿ ಗುಣಪಡಿಸುವ ಪದ್ಧತಿಯಿತ್ತು. ಮನೆಯಲ್ಲಿರುವ ಉಳಿದ ಮಕ್ಕಳನ್ನೂ ಹೊಲದ ಕೆಲಸವನ್ನೂ ಬಿಟ್ಟು ಬರಲಾಗದ ತಾಯಂದಿರಲ್ಲಿ ಅನೇಕರು ಆಸ್ಪತ್ರೆಯ ಕಡೆ ತಲೆಹಾಕುತ್ತಲೇ ಇರಲಿಲ್ಲ, ಬಂದವರಲ್ಲಿಯೂ ಹಲವರು ಚಿಕಿತ್ಸೆ ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದರು. ಕಿಕ್ಕಿರಿದ ವಾರ್ಡಿನಲ್ಲಿ ಒಂದು ಮಗುವಿನ ಸೋಂಕು ಇನ್ನೊಂದಕ್ಕೆ ಅಂಟುತ್ತಿತ್ತು. 1990ರ ದಶಕದ ಕೊನೆಯ ಭಾಗದಲ್ಲಿ ಫ್ರಾನ್ಸಿನ ತಜ್ಞ ಆಂದ್ರೆ ಬ್ರಿಯಾಂ ಅವರು ನ್ಯೂಟ್ರಿಸೆಟ್ ಕಂಪನಿಯ ಜೊತೆಗೂಡಿ ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಹಾಗೂ ಖನಿಜಗಳನ್ನು ಅರೆದು ಕೂಡಿಸಿದ ಪೇಸ್ಟೊಂದನ್ನು ರೂಪಿಸಿದ ಮೇಲೆ ಈ ಸ್ಥಿತಿ ಬದಲಾಗತೊಡಗಿತು. ಅದನ್ನು ಬೇಯಿಸಬೇಕಿಲ್ಲ, ನೀರಿನಲ್ಲಿ ಕಲಸಬೇಕಿಲ್ಲ. ನೀರಿನಂಶ ತೀರ ಕಡಿಮೆಯಿರುವುದರಿಂದ ಅದರಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುವುದಿಲ್ಲ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ ಇರುತ್ತದೆ. ಮಲಾವಿಯ ಜನ ಅದನ್ನು ತಮ್ಮ ಭಾಷೆಯಲ್ಲಿ ಕಡಲೆಕಾಯಿ ಬೆಣ್ಣೆಗಿರುವ ಹೆಸರಿನಿಂದಲೇ ಚಿಪೋಂಡೆ ಎನ್ನುತ್ತಾರೆ. 2002ರ ಕ್ಷಾಮದ ಹೊತ್ತಿನಲ್ಲಿ ರಾಜಧಾನಿ ಲಿಲಾಂಗ್ವೆಯ ಉತ್ತರಕ್ಕಿರುವ ಡೋವಾ ಜಿಲ್ಲೆಯಲ್ಲಿ, ಮಗುವನ್ನು ಮನೆಯಲ್ಲಿಯೇ ಇಟ್ಟುಕೊಂಡು ಈ ಆಹಾರದಿಂದ ಗುಣಪಡಿಸುವ ಸಮುದಾಯ ಆಧಾರಿತ ಪದ್ಧತಿ ಆರಂಭವಾಯಿತು. ಡೋವಾದಂಥ ಕೆಲವು ಜಿಲ್ಲೆಗಳ ಅನುಭವವೇ ಮುಂದೆ ಜಗತ್ತಿಗೆ ದಾರಿಯಾಗಿ, 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಜಂಟಿ ಹೇಳಿಕೆಯ ಮೂಲಕ ಈ ಪದ್ಧತಿಯನ್ನು ಅನುಮೋದಿಸಿದವು.

ಈಗ ಆರೋಗ್ಯ ಕೇಂದ್ರದಲ್ಲಿ ಗೊತ್ತಾದ ದಿನ ತಾಯಂದಿರು ಮಕ್ಕಳನ್ನು ಚಿತೆಂಜೆ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಬರುತ್ತಾರೆ. ಎಡತೋಳಿನ ನಡುಭಾಗಕ್ಕೆ ಬಣ್ಣದ ಪಟ್ಟಿ ಸುತ್ತಿ ಅಳೆಯಲಾಗುತ್ತದೆ: ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, 125ರವರೆಗೆ ಹಳದಿ, ಅದರಾಚೆ ಹಸಿರು. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ, ಬಿಟ್ಟ ಮೇಲೆ ಕುಳಿ ಹಾಗೆಯೇ ಉಳಿಯುತ್ತದೆಯೇ ಎಂದು ನೋಡುತ್ತಾರೆ. ಉಳಿದರೆ ಅದು ಕ್ವಾಶಿಯೋರ್ಕರ್. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1930ರ ದಶಕದಲ್ಲಿ ಇಂದಿನ ಘಾನಾದಲ್ಲಿ ಗುರುತಿಸಿ ದಾಖಲಿಸಿದ, ಮೈ ಊದಿಕೊಂಡು ಮಗು ದುಂಡಗಿರುವಂತೆ ಕಂಡು ಮೋಸಗೊಳಿಸುವ ಕಾಯಿಲೆ. ಮಲಾವಿಯಲ್ಲಿ ಇದು ಅಪರೂಪವಲ್ಲ. ಎಲ್ಲವನ್ನೂ ತಾಯಿ ತನ್ನ ಬಳಿಯೇ ಇಟ್ಟುಕೊಳ್ಳುವ ಹೆಲ್ತ್ ಪಾಸ್‌ಪೋರ್ಟ್ ಎಂಬ ತೆಳು ಪುಸ್ತಕದಲ್ಲಿ ಬರೆದುಕೊಡುತ್ತಾರೆ.

ಇದರ ನಂತರದ ಹಂತವನ್ನು ನೀವು ಗಮನವಿಟ್ಟು ಓದಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರದ ಬಹುಪಾಲು ಅಲ್ಲಿಯೇ ಇದೆ. ಕೆಂಪು ಬಂದ ಮಗುವನ್ನು ಮನೆಗೆ ಕಳುಹಿಸಬಹುದೋ, ಆಸ್ಪತ್ರೆಗೆ ಸೇರಿಸಬೇಕೋ ಎಂಬುದನ್ನು ನಿರ್ಧರಿಸಲು ಹಸಿವಿನ ಪರೀಕ್ಷೆ ಮಾಡುತ್ತಾರೆ. ತಾಯಿ ಕೈ ತೊಳೆದುಕೊಂಡು, ಜನಜಂಗುಳಿಯಿಂದ ದೂರ ನೆರಳಿನಲ್ಲಿ ಕುಳಿತು, ಮಗುವನ್ನು ತೊಡೆಯ ಮೇಲಿರಿಸಿಕೊಂಡು, ಪೊಟ್ಟಣದ ಮೂಲೆ ಹರಿದು ಸ್ವಲ್ಪ ಸ್ವಲ್ಪವಾಗಿ ಹಿಂಡಿ ನೆಕ್ಕಿಸುತ್ತಾಳೆ. ಪಕ್ಕದಲ್ಲಿ ಕುಡಿಯುವ ನೀರಿನ ಲೋಟ ಇರುತ್ತದೆ. ಒತ್ತಾಯ ಮಾಡುವಂತಿಲ್ಲ, ಅವಸರಿಸುವಂತಿಲ್ಲ. ಮಗು ತಿಂದರೆ, ಮತ್ತು ಬೇರೆ ತೊಡಕುಗಳಿಲ್ಲದಿದ್ದರೆ, ವಾರಕ್ಕೆ ಬೇಕಾಗುವಷ್ಟು ಪೊಟ್ಟಣಗಳೊಡನೆ ಮನೆಗೆ. ತಿನ್ನದೆ ಹೋದರೆ ಪೋಷಣಾ ಪುನಶ್ಚೇತನ ಘಟಕಕ್ಕೆ. ಈ ಅರ್ಧ ಗಂಟೆಯಲ್ಲಿ ಅಪರಿಚಿತರೊಬ್ಬರು ಎದುರಿಗೆ ಬಾಗಿ ನಿಂತು, ಅರ್ಥವಾಗದ ಭಾಷೆಯಲ್ಲಿ ಮುದ್ದು ಮಾಡತೊಡಗಿದರೆ ಮಗು ಹೆದರಿ ಬಾಯಿ ಮುಚ್ಚುತ್ತದೆ. ಹಸಿವಿರುವ ಮಗು ಹಸಿವಿಲ್ಲದ ಮಗುವಿನ ಪಟ್ಟಿಗೆ ಸೇರಿ, ಅದರ ತಾಯಿ ಹತ್ತಾರು ಮೈಲಿ ದೂರದ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಬಂದ ಅತಿಥಿ ಬರಿಯ ತನ್ನ ಇರುವಿಕೆಯಿಂದಲೇ ಪರೀಕ್ಷೆಯನ್ನು ಕೆಡಿಸಿಬಿಡುವುದು ಹೀಗೆ. ನಿಮ್ಮ ಏಜೆನ್ಸಿ ಹೇಳುವ ‘ಊಟ ಬಡಿಸುವ ಅವಕಾಶ’ವನ್ನು ಈ ಬೆಳಕಿನಲ್ಲಿ ನೋಡಿ.

ಕಾಲದ ಲೆಕ್ಕವನ್ನೂ ಹಾಕಿ. ಮನೆಯಲ್ಲಿ ಚಿಕಿತ್ಸೆ ಪಡೆಯುವ ಮಗು ಗುಣವಾಗಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಸತತ ಎರಡು ಭೇಟಿಗಳಲ್ಲಿ ಅಳತೆ ಹಸಿರಿಗೆ ಬರಬೇಕು, ಬಾವು ಪೂರ್ತಿ ಇಳಿದಿರಬೇಕು. ಮೊದಲ ದಿನ ನೀವು ಕಂಡ ಮಗು ಪಟ್ಟಿಯಿಂದ ಹೊರಬರುವ ಮುನ್ನವೇ ನೀವು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದಿರುತ್ತೀರಿ.

ತಾಯಂದಿರಿಗೆ ತಿಳಿವಳಿಕೆ ನೀಡುವ ಮಾತಿಗೆ ಬಂದರೆ, ಅದಕ್ಕೂ ಅಲ್ಲಿ ಜನರಿದ್ದಾರೆ. 1995ರಲ್ಲಿ ನೆರೆಯ ಮೊಜಾಂಬಿಕ್‌ನಲ್ಲಿ ಶುರುವಾದ ಕೇರ್ ಗ್ರೂಪ್ ಎಂಬ ಏರ್ಪಾಡು ಮಲಾವಿಯಲ್ಲಿ ಇಂದು ಸರ್ಕಾರದ ಪೋಷಣಾ ಯೋಜನೆಯ ಬೆನ್ನೆಲುಬಾಗಿದೆ. ಊರಿನ ಹತ್ತರಿಂದ ಹದಿನೈದು ಮಹಿಳೆಯರು ಒಂದು ಗುಂಪಾಗಿ ನಿಯಮಿತವಾಗಿ ಸೇರಿ ಒಂದು ವಿಷಯವನ್ನು ಕಲಿಯುತ್ತಾರೆ. ಆಮೇಲೆ ಪ್ರತಿಯೊಬ್ಬಳೂ ತನ್ನ ಪಾಲಿಗೆ ಬಂದ ಹತ್ತು–ಹದಿನೈದು ಅಕ್ಕಪಕ್ಕದ ಮನೆಗಳಿಗೆ ಹೋಗಿ ಅದನ್ನು ಹೇಳಿಕೊಡುತ್ತಾಳೆ. ಯಾವ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತದೆ, ಯಾರ ಗಂಡ ಕುಡಿಯುತ್ತಾನೆ, ಯಾರ ಕಣಜ ಜನವರಿಗೇ ಬರಿದಾಗುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತು. ಮಗು ಸೊರಗುವುದಕ್ಕೆ ತಂದೆತಾಯಿ ದಾಂಪತ್ಯದ ಕಟ್ಟಳೆ ಮೀರಿದ್ದೇ ಕಾರಣ ಎಂಬ ಹಳೆಯ ನಂಬಿಕೆ ಇನ್ನೂ ಉಳಿದಿರುವ ಕಡೆ, ‘ನಿಮ್ಮ ಮಗು ಯಾಕೆ ಹೀಗಾಯಿತು’ ಎಂದು ನಾಲ್ಕು ಜನರ ಎದುರು ಕೇಳುವುದೇ ತಾಯಿಗೆ ಮಾಡುವ ಅವಮಾನ ಎಂಬುದೂ ಅವಳಿಗೆ ಗೊತ್ತು. ಈಕೆಗೆ ಸಂಬಳವಿಲ್ಲ. ನಿಜವಾದ ಸ್ವಯಂಸೇವಕಿ ಯಾರು ಎಂದು ನನ್ನನ್ನು ಕೇಳಿದರೆ ನಾನು ಈಕೆಯತ್ತ ಬೆರಳು ತೋರಿಸುತ್ತೇನೆ. ಇವರ ಮೇಲ್ವಿಚಾರಣೆಗೆ ಎಚ್‌ಎಸ್‌ಎ ಎಂದು ಕರೆಯುವ, ನಮ್ಮ ಹಳ್ಳಿಯ ಆರೋಗ್ಯ ಸಹಾಯಕರನ್ನು ಹೋಲುವ ಸರ್ಕಾರಿ ನೌಕರರು ಸೈಕಲ್ ತುಳಿಯುತ್ತ ಊರೂರು ಸುತ್ತುತ್ತಾರೆ.

ಹಾಗಾದರೆ ನಿಮ್ಮ ವಿದ್ಯೆಗೆ ಅಲ್ಲಿ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ, ಆದರೆ ಅದು ಮಗುವಿನ ಮುಂದೆ ನಿಂತು ಮಾಡುವ ಕೆಲಸವಲ್ಲ. ಆರೋಗ್ಯ ಕೇಂದ್ರದ ರಿಜಿಸ್ಟರಿಗೂ ಜಿಲ್ಲಾ ಕಚೇರಿಗೆ ಹೋಗುವ ಮಾಸಿಕ ವರದಿಗೂ ಅಂಕಿ ತಾಳೆಯಾಗದಿದ್ದಾಗ ಮುಂದಿನ ತಿಂಗಳ ಪೊಟ್ಟಣಗಳ ಬೇಡಿಕೆ ತಪ್ಪುತ್ತದೆ. ಬೇಡಿಕೆ ತಪ್ಪಿದರೆ ದಾಸ್ತಾನು ಬರಿದಾಗುತ್ತದೆ. ಎರಡು ವಾರ ಬರಿಗೈಲಿ ಹಿಂತಿರುಗಿದ ತಾಯಿ ಮೂರನೆಯ ವಾರ ಆ ಕಡೆ ಕಾಲಿಡುವುದಿಲ್ಲ. ಕೊಟ್ಟ ಪೊಟ್ಟಣಗಳು ಮನೆಯ ಎಲ್ಲ ಮಕ್ಕಳಿಗೂ ಹಂಚಿಹೋಗಿ, ಗುಣವಾಗಬೇಕಾದ ಮಗುವಿನ ತೂಕ ನಿಂತಲ್ಲೇ ನಿಂತಾಗ ಅದನ್ನು ಅಂಕಿಗಳಲ್ಲಿ ಬೇಗ ಗುರುತಿಸಬಲ್ಲವರು ಬೇಕು. ಎಚ್‌ಎಸ್‌ಎಗಳ ಅಳತೆ ಒಬ್ಬರಿಂದೊಬ್ಬರಿಗೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಪರೀಕ್ಷಿಸಿ ಮರುತರಬೇತಿ ಏರ್ಪಡಿಸುವವರು ಬೇಕು. ಇದಕ್ಕೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಬೇಕು, ಜೊತೆಗೆ ಕೆಲಸಕ್ಕಾಗುವಷ್ಟು ಚಿಚೆವಾ ಭಾಷೆಯೂ ಬೇಕು. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗವಾದ ಯುಎನ್‌ವಿ ಇಂಥ ಹುದ್ದೆಗಳಿಗೆ ಅನುಭವಿಗಳನ್ನು ಆರಿಸಿ, ಜೀವನ ನಿರ್ವಹಣೆಗೆ ಭತ್ಯೆಯನ್ನೂ ಕೊಡುತ್ತದೆ. ನಿಮ್ಮಿಂದ ಹಣ ಕೇಳುವುದಿಲ್ಲ, ಯಾವ ಕೆಲಸಕ್ಕೆ ಎಂಬುದನ್ನು ಮೊದಲೇ ಬರೆದು ತಿಳಿಸುತ್ತದೆ. ಶುಲ್ಕ ಪಡೆಯುವ ಏಜೆನ್ಸಿಯ ಕರಪತ್ರದೊಡನೆ ಅದನ್ನು ಹೋಲಿಸಿ ನೋಡಿ.

ಈ ರಜೆಯನ್ನು ಏನು ಮಾಡುವುದೆಂದು ಕೇಳಿದರೆ, ಆರು ವಾರವನ್ನು ನಿಮ್ಮ ಜಿಲ್ಲೆಯಲ್ಲೇ, ಅನುಮತಿ ಪಡೆದು, ಸರ್ಕಾರಿ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿಯೂ ನಾಲ್ಕಾರು ಅಂಗನವಾಡಿಗಳಲ್ಲಿಯೂ ಕಳೆಯಿರಿ ಎನ್ನುತ್ತೇನೆ. ತೀವ್ರ ಅಪೌಷ್ಟಿಕತೆಯ ಮಗುವನ್ನು ಖಾಸಗಿ ಆಸ್ಪತ್ರೆಯ ಡಯಟೀಷಿಯನ್ ನೋಡುವುದು ಕಡಿಮೆ. ಅಂಗನವಾಡಿ ಕಾರ್ಯಕರ್ತೆಯೊಬ್ಬಳು ರಿಜಿಸ್ಟರ್, ಮೊಬೈಲ್ ಆ್ಯಪ್, ಅಡುಗೆ, ಪಾಠ ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಹೇಗೆ ನಿಭಾಯಿಸುತ್ತಾಳೆ ಎಂಬುದನ್ನು ನೋಡಿದವರಿಗೆ ಮಲಾವಿಯ ಎಚ್‌ಎಸ್‌ಎಯ ಕಷ್ಟ ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಅಧ್ಯಾಪಕ. ಮಲಾವಿಯಲ್ಲಿ ಮೆಕ್ಕೆಜೋಳ ಯಥೇಚ್ಛವಾಗಿ ಬೆಳೆಯುತ್ತದೆ ಎನ್ನುತ್ತಾರೆ. ಬೆಳೆಯುವ ಊರಿನಲ್ಲಿಯೇ ಮಕ್ಕಳು ಸೊರಗುವುದೇಕೆ? ನಾವು ಕೆಲವರು ಸೇರಿ ಇಲ್ಲಿಂದ ರಾಗಿ ಹಿಟ್ಟು ಕಳುಹಿಸಿದರೆ ಉಪಯೋಗವಾದೀತೇ? — ಧಾರವಾಡ

ಉತ್ತರ: ಬೆಳೆಯುವುದು ನಿಜ, ವರ್ಷಪೂರ್ತಿ ಉಳಿಯುವುದು ಮಾತ್ರ ಸುಳ್ಳು. ಅಲ್ಲಿಗೆ ಮಳೆಗಾಲ ಒಂದೇ, ನವೆಂಬರಿನಿಂದ ಏಪ್ರಿಲ್‌ವರೆಗೆ. ಸುಗ್ಗಿ ಏಪ್ರಿಲ್ ಹೊತ್ತಿಗೆ. ಬಹುಪಾಲು ರೈತರ ಹಿಡುವಳಿ ಒಂದು ಹೆಕ್ಟೇರಿಗಿಂತ ಕಡಿಮೆ, ನೀರಾವರಿ ಅಷ್ಟಕ್ಕಷ್ಟೇ. ಕಣಜದ ಕಾಳು ಡಿಸೆಂಬರ್–ಜನವರಿಗೆ ಮುಗಿಯುತ್ತದೆ, ಪೇಟೆಯ ಬೆಲೆ ಏರುವುದೂ ಆಗಲೇ. ಮಳೆಯ ಜೊತೆಗೆ ಮಲೇರಿಯಾ, ಭೇದಿ ಬರುವುದೂ, ಹೊಲದಲ್ಲಿ ತಾಯಂದಿರ ದುಡಿಮೆ ಹೆಚ್ಚುವುದೂ ಅದೇ ತಿಂಗಳುಗಳಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಚಿಕಿತ್ಸಾ ಕೇಂದ್ರಗಳು ತುಂಬುವುದಕ್ಕೆ ಈ ನಾಲ್ಕೂ ಸಂಗತಿಗಳು ಒಟ್ಟಿಗೆ ಕೂಡಿಬರುವುದೇ ಕಾರಣ. ಮಳೆ ಕೈಕೊಟ್ಟ ವರ್ಷವಂತೂ ಹೇಳುವುದೇ ಬೇಡ: ಎಲ್ ನಿನೊ ಬರದಿಂದಾಗಿ 2024ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಪರಿಸ್ಥಿತಿ ಘೋಷಿಸಬೇಕಾಯಿತು.

ಇಷ್ಟೇ ಆಗಿದ್ದರೆ ಕಾಳಿನ ಕೊರತೆಯೊಂದೇ ಕಾರಣ ಎನ್ನಬಹುದಿತ್ತು. ಆದರೆ ಹೊಟ್ಟೆ ತುಂಬಿದ ತಿಂಗಳುಗಳಲ್ಲಿಯೂ ಎಳೆಯ ಮಗುವಿನ ಬಟ್ಟಲಿಗೆ ಬೀಳುವುದು ಫಾಲಾ ಎಂಬ ಮೆಕ್ಕೆಜೋಳದ ತೆಳು ಗಂಜಿ. ಅದರಲ್ಲಿ ನೀರೇ ಹೆಚ್ಚು. ಮಗುವಿನ ಪುಟ್ಟ ಹೊಟ್ಟೆ ತುಂಬುತ್ತದೆ, ಬೇಕಾದ ಶಕ್ತಿ ದೊರೆಯುವುದಿಲ್ಲ, ಒಳ್ಳೆಯ ಪ್ರೋಟೀನು, ಕಬ್ಬಿಣ, ಸತು ಇನ್ನೂ ಕಡಿಮೆ. 2010ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 47ರಷ್ಟು ಮಂದಿಯ ಎತ್ತರ ವಯಸ್ಸಿಗೆ ತಕ್ಕಂತಿರಲಿಲ್ಲ. 2015–16ರ ಸಮೀಕ್ಷೆಯ ಹೊತ್ತಿಗೆ ಅದು ಶೇಕಡ 37ಕ್ಕೆ ಇಳಿಯಿತು. ಇಳಿದದ್ದು ಸಣ್ಣ ಸಾಧನೆಯಲ್ಲ, ಆದರೂ ಮೂರಕ್ಕೆ ಒಂದಕ್ಕಿಂತ ಹೆಚ್ಚು. ಇಂಥ ಮಗು ತೀರ ಬಡಕಲಾಗಿ ಕಾಣುವುದಿಲ್ಲ, ಗಿಡ್ಡವಾಗಿರುತ್ತದೆ ಅಷ್ಟೇ; ಊರಿನ ಎಲ್ಲ ಮಕ್ಕಳೂ ಹಾಗೆಯೇ ಇರುವಾಗ ಯಾರ ಕಣ್ಣಿಗೂ ಅದು ಕೊರತೆಯಾಗಿ ಬೀಳುವುದಿಲ್ಲ.

ಇನ್ನು ರಾಗಿಯ ವಿಷಯ. ರಾಗಿಯನ್ನು ಮೊದಲು ಪಳಗಿಸಿ ಬೆಳೆದದ್ದು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಲ್ಲಿ. ನಮ್ಮ ಮುದ್ದೆಯ ಕಾಳು ಸಾವಿರಾರು ವರ್ಷಗಳ ಹಿಂದೆ ಆ ಕಡೆಯಿಂದಲೇ ಬಂದದ್ದು. ಮಲಾವಿಯಲ್ಲಿ ಅದಕ್ಕೆ ಮವೆರೆ ಎನ್ನುತ್ತಾರೆ, ಮುಖ್ಯವಾಗಿ ಉತ್ತರದ ಜಿಲ್ಲೆಗಳಲ್ಲಿ ಬೆಳೆಯುತ್ತಾರೆ, ಗಂಜಿಗೂ ಬಳಸುತ್ತಾರೆ, ಊರ ಬಿಯರಿಗೂ ಬಳಸುತ್ತಾರೆ. ಆದ್ದರಿಂದ ರಾಗಿಯನ್ನು ಇಲ್ಲಿಂದ ಹಡಗಿಗೇರಿಸಿ, ಆಮದು ಪರವಾನಗಿ, ಸಸ್ಯರೋಗ ಪ್ರಮಾಣಪತ್ರ, ಬಂದರಿನ ಬಾಡಿಗೆ, ಸಮುದ್ರವಿಲ್ಲದ ದೇಶಕ್ಕೆ ಲಾರಿ ಸಾಗಣೆ ಇಷ್ಟೆಲ್ಲ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಆ ಹಣಕ್ಕೆ ಅಲ್ಲಿಯೇ ಹಲವು ಪಟ್ಟು ಕಾಳು ಸಿಗುತ್ತದೆ, ಅಲ್ಲಿನ ರೈತರಿಗೆ ನಾಲ್ಕು ಕಾಸು ಸೇರುತ್ತದೆ.

ಹಿಟ್ಟಿನ ಬದಲು ಕಳುಹಿಸಬಹುದಾದದ್ದು ಒಂದಿದೆ ಎಂದರೆ ಅದು ನಮ್ಮ ಮನೆಗಳ ಹಳೆಯ ವಿದ್ಯೆ, ಮೊಳಕೆ ಕಟ್ಟಿ ಒಣಗಿಸಿ ಹುರಿಯುವ ರಾಗಿ ಮಾಲ್ಟ್. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಒಡೆಯುತ್ತದೆ. ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಬೇಯಿಸಿದ ಮೆಕ್ಕೆಜೋಳದ ಗಂಜಿ ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಬೆರೆಸಿ ಕಲಕಿದರೆ, ನೋಡನೋಡುತ್ತಿದ್ದಂತೆ ಅದು ಸಡಿಲವಾಗಿ ಮಗು ನುಂಗುವಷ್ಟು ಹದಕ್ಕೆ ಬರುತ್ತದೆ, ನೀರು ಸೇರಿಸಬೇಕಾಗುವುದಿಲ್ಲ. ಮೊಳಕೆ ಹಿಟ್ಟನ್ನು ಕಡು ಉರಿಯಲ್ಲಿ ಹುರಿದರೆ ಕಿಣ್ವ ಸತ್ತುಹೋಗುತ್ತದೆ ಎಂಬುದನ್ನು ನೆನಪಿಡಬೇಕು. ಘಮಕ್ಕಾಗಿ ಚೆನ್ನಾಗಿ ಹುರಿಯುವ ನಮ್ಮ ಅಭ್ಯಾಸ ಇಲ್ಲಿ ಅಡ್ಡಬರುತ್ತದೆ. ಮಲಾವಿಯ ನೆರೆಯ ತಾಂಜಾನಿಯಾದಲ್ಲಿ ಈ ಬಗೆಯ ಹಿಟ್ಟಿಗೆ ಕಿಮೆಯಾ ಎಂಬ ಹೆಸರಿದ್ದು, 1980ರ ದಶಕದಲ್ಲಿಯೇ ಅಲ್ಲಿನ ಪೋಷಣಾ ಕಾರ್ಯಕರ್ತರು ಅದನ್ನು ಪ್ರಚಾರ ಮಾಡಿದ್ದರು. ಆದುದರಿಂದ ಇದೂ ನಾವು ಹೋಗಿ ಕಲಿಸಬೇಕಾದ ಹೊಸ ವಿದ್ಯೆಯೇನಲ್ಲ, ಇದ್ದವರಿಗೆ ಬೆಂಬಲ ಕೊಡುವ ಮಾತು.

ಚಿಪೋಂಡೆಯ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅಮೆರಿಕದ ಮಕ್ಕಳ ವೈದ್ಯ ಮಾರ್ಕ್ ಮನಾರಿ 2004ರಲ್ಲಿ ಸ್ಥಾಪಿಸಿದ ಪ್ರಾಜೆಕ್ಟ್ ಪೀನಟ್ ಬಟರ್ ಸಂಸ್ಥೆ ಅದನ್ನು ಮಲಾವಿಯ ಬ್ಲಾಂಟೈರ್ ನಗರದಲ್ಲಿಯೇ ತಯಾರಿಸುತ್ತದೆ. ಇಂಥ ಕಾರ್ಖಾನೆಯ ದೊಡ್ಡ ತಲೆನೋವು ಕಡಲೆಕಾಯಿಯ ಮೇಲೆ ಬೆಳೆಯುವ ಬೂಷ್ಟಿನ ವಿಷ, ಅಫ್ಲಟಾಕ್ಸಿನ್. ಹಸಿಯಾಗಿ ರಾಶಿ ಹಾಕಿದ ಕಾಯಿಯಲ್ಲಿ ಅದು ಹೆಚ್ಚುತ್ತದೆ ಎಂಬುದು ಚಿತ್ರದುರ್ಗ, ಪಾವಗಡದ ಕಡೆಯ ಕಡಲೆಕಾಯಿ ಬೆಳೆಗಾರರಿಗೆ ಹೊಸ ಸಂಗತಿಯಲ್ಲ. ಕಾಯಿ ಒಣಗಿಸುವುದು, ಆರಿಸುವುದು, ದಾಸ್ತಾನು ಮಾಡುವುದು ಬಲ್ಲ ಕೃಷಿ ತಜ್ಞರು ನಿಮ್ಮ ಬಳಗದಲ್ಲಿದ್ದರೆ, ಅವರ ವಿದ್ಯೆ ಹತ್ತು ಮೂಟೆ ಹಿಟ್ಟಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಪ್ರಶ್ನೆ: ನನ್ನ ಮಗ ಒಂದು ವರ್ಷದ ಮಟ್ಟಿಗೆ ಕಸುಂಗು ಜಿಲ್ಲೆಯ ಕಾರ್ಯಕ್ರಮವೊಂದಕ್ಕೆ ದಾಸ್ತಾನು ಮತ್ತು ಲೆಕ್ಕಪತ್ರ ನೋಡಿಕೊಳ್ಳಲು ಹೊರಟಿದ್ದಾನೆ. ನಾವು ಸಸ್ಯಾಹಾರಿಗಳು. ಅಲ್ಲಿ ಊಟಕ್ಕೇನು ಗತಿ, ಆರೋಗ್ಯಕ್ಕೆ ಭಯವಿಲ್ಲವೇ? — ದಾವಣಗೆರೆ

ಉತ್ತರ: ಅಮ್ಮ, ಊಟದ ಚಿಂತೆ ಬಿಡಿ. ಅಲ್ಲಿನವರ ದಿನದ ಊಟವಾದ ಎನ್ಸಿಮಾ, ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆಯೇ. ಬಲಗೈಯಲ್ಲಿ ಮುರಿದು ಉಂಡೆ ಮಾಡಿ ಪಲ್ಯಕ್ಕೆ ಅದ್ದಿ ತಿನ್ನುತ್ತಾರೆ, ಒಂದೇ ವ್ಯತ್ಯಾಸವೆಂದರೆ ಅಗಿಯುತ್ತಾರೆ. ಕುಂಬಳದ ಎಲೆಗಳನ್ನು ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ ಪಲ್ಯ, ಹುರುಳಿ ಜಾತಿಯ ಕಾಳುಗಳು, ಮಳೆಗಾಲದಲ್ಲಿ ಮಾವು, ಅಕ್ಕಿ, ಬಾಳೆಹಣ್ಣು ಎಲ್ಲವೂ ಸಿಗುತ್ತವೆ. ತೊಗರಿಯನ್ನು ಅಲ್ಲಿ ನಾಂಡೋಲೋ ಎಂದು ಕರೆದು ದಕ್ಷಿಣದ ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. ಮಲಾವಿಯಿಂದ ವರ್ಷಕ್ಕೆ 50,000 ಟನ್ ತೊಗರಿ ತರಿಸಿಕೊಳ್ಳಲು ಭಾರತ 2021ರಲ್ಲಿ ಒಪ್ಪಂದ ಮಾಡಿಕೊಂಡಿತ್ತು, ಆದ್ದರಿಂದ ನಿಮ್ಮ ಮನೆಯ ಸಾರಿನಲ್ಲಿ ಅಲ್ಲಿನ ಬೇಳೆ ಈಗಾಗಲೇ ಬೆಂದಿರಲೂಬಹುದು. ಪಲ್ಯದಲ್ಲಿ ಒಣ ಸಣ್ಣ ಮೀನಿನ ಪುಡಿ ಬೆರೆಸುವುದುಂಟು. ಊಟಕ್ಕೆ ಕರೆದವರಿಗೆ ಮುಂಚೆಯೇ ವಿನಯದಿಂದ ತಿಳಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಮಾತ್ರ ಚಿಂತೆ ಇರಲಿ. ಅಲ್ಲಿನ ಮಲೇರಿಯಾ ಮೆದುಳಿಗೇರಬಲ್ಲ ಫಾಲ್ಸಿಪ್ಯಾರಂ ಜಾತಿಯದು, ವರ್ಷವಿಡೀ ಇರುತ್ತದೆ. ತಡೆ ಮಾತ್ರೆಯನ್ನು ವೈದ್ಯರು ಹೇಳಿದಂತೆ ಊರಿಗೆ ಹಿಂತಿರುಗಿದ ಮೇಲೂ ಮುಂದುವರಿಸಬೇಕು. ಮಂದಿ ಅರ್ಧಕ್ಕೆ ಬಿಡುವುದು ಅದನ್ನೇ. ಸೊಳ್ಳೆಪರದೆಯೊಳಗೆ ಮಲಗುವುದು, ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸುವುದು ಎರಡನ್ನೂ ಮಾತು ತೆಗೆದುಕೊಂಡೇ ಕಳುಹಿಸಿ. ಮಲಾವಿ ಸರೋವರ ಎಷ್ಟೇ ಸುಂದರವಾಗಿ ಕಂಡರೂ ದಡದ ನೀರಿನಲ್ಲಿ ಬಸವನಹುಳುಗಳ ಮೂಲಕ ಹರಡುವ ಬಿಲ್ಹಾರ್ಜಿಯಾ ಇದೆ. ಎಲ್ಲಕ್ಕಿಂತ ದೊಡ್ಡ ಅಪಾಯ ರಸ್ತೆಯದು: ರಾತ್ರಿಯ ಹೊತ್ತು ಮಿನಿಬಸ್ ಹತ್ತಬಾರದು. ಅಂದಹಾಗೆ, ದಾಸ್ತಾನು ಲೆಕ್ಕ ನೋಡುವ ನಿಮ್ಮ ಮಗ ಮೊದಲ ಪತ್ರದವರು ಹುಡುಕುತ್ತಿರುವ ಕೆಲಸಕ್ಕಿಂತ ಹೆಚ್ಚು ಉಪಯೋಗದ ಕೆಲಸಕ್ಕೇ ಹೊರಟಿದ್ದಾನೆ.

ಪ್ರಶ್ನೆ: ಸ್ವಯಂಸೇವಕರಾಗಿ ಹೋದಾಗ ಸೊರಗಿದ ಮಕ್ಕಳ ಫೋಟೊ, ವಿಡಿಯೊ ತೆಗೆದು ಹಾಕಿದರೆ ದೇಣಿಗೆ ಹೆಚ್ಚು ಬರುತ್ತದೆ. ಒಳ್ಳೆಯ ಉದ್ದೇಶಕ್ಕಾದ್ದರಿಂದ ತಪ್ಪಿಲ್ಲ ಅಲ್ಲವೇ? — ಮೈಸೂರು

ಉತ್ತರ: ತಪ್ಪಿದೆ. ಬಟ್ಟೆಯಿಲ್ಲದೆ ತೂಕದ ತಕ್ಕಡಿಯಲ್ಲಿ ತೂಗಾಡುವ ನಿಮ್ಮ ಅಣ್ಣನ ಮಗುವಿನ ಚಿತ್ರವನ್ನು ಗೊತ್ತಿಲ್ಲದವರು ಊರೆಲ್ಲ ಹಂಚುವುದಕ್ಕೆ ನೀವು ಒಪ್ಪುವಿರಾದರೆ ಮಾತ್ರ ಈ ಪ್ರಶ್ನೆ ಕೇಳಬಹುದು. ಪೊಟ್ಟಣ ಕೊಡುವವರ ಕಡೆಯವರು ಕ್ಯಾಮೆರಾ ಹಿಡಿದು ‘ತೆಗೆಯಲೇ’ ಎಂದಾಗ ಆ ತಾಯಿ ಹೂಂ ಎಂದರೆ ಅದು ಒಪ್ಪಿಗೆಯಲ್ಲ. ಬೇಡವೆಂದರೆ ಪೊಟ್ಟಣ ತಪ್ಪೀತೆಂಬ ಅಳುಕು. ಕೇರ್ ಗ್ರೂಪಿನ ಸಭೆ, ಅಡುಗೆ ಪ್ರಾತ್ಯಕ್ಷಿಕೆ, ಒಪ್ಪಿಗೆಯ ಮೇರೆಗೆ ಕಾರ್ಯಕರ್ತೆಯರ ಚಿತ್ರ, ಇವುಗಳನ್ನು ತೋರಿಸಿ ಬರುವಷ್ಟು ದೇಣಿಗೆ ಬರಲಿ.

ಪ್ರಶ್ನೆ: ಪ್ರವಾಸಿ ವೀಸಾದಲ್ಲಿ ಹೋಗಿ ಸೇವೆ ಮಾಡಬಹುದೇ? ಬೇರೆ ಯಾವ ಕಾಗದಪತ್ರ, ಚುಚ್ಚುಮದ್ದು ಬೇಕು? — ಬೆಂಗಳೂರು

ಉತ್ತರ: ಸಂಬಳವಿಲ್ಲದಿದ್ದರೂ ಅದು ಕೆಲಸವೇ, ಆದ್ದರಿಂದ ಪ್ರವಾಸಿ ವೀಸಾವನ್ನು ನೆಚ್ಚಬೇಡಿ, ಕರೆಸಿಕೊಳ್ಳುವ ಸಂಸ್ಥೆಯೇ ತಕ್ಕ ಅನುಮತಿ ಮಾಡಿಸಬೇಕು, ವಲಸೆ ಇಲಾಖೆಯ ಇಂದಿನ ನಿಯಮವನ್ನು ರಾಯಭಾರ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಮಕ್ಕಳ ನಡುವೆ ದುಡಿಯುವವರಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುವುದು ಒಳ್ಳೆಯ ಸಂಸ್ಥೆಯ ಲಕ್ಷಣ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಅದನ್ನು ಪಡೆಯಬಹುದು. ಅದನ್ನು ಕೇಳದೆಯೇ ಕರೆಯುವ ಸಂಸ್ಥೆಯ ಬಗ್ಗೆ ಅನುಮಾನವಿರಲಿ. ಹಳದಿ ಜ್ವರದ ಚುಚ್ಚುಮದ್ದನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿರಬೇಕು. ಬೆಂಗಳೂರಿನಿಂದ ಮಲಾವಿಗೆ ಹೋಗುವವರು ಸಾಮಾನ್ಯವಾಗಿ ಇಥಿಯೋಪಿಯಾ ಅಥವಾ ಕೆನ್ಯಾದಲ್ಲಿ ವಿಮಾನ ಬದಲಿಸುತ್ತಾರೆ. ಅವೆರಡೂ ಹಳದಿ ಜ್ವರದ ದೇಶಗಳಾದ್ದರಿಂದ, ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಮರಳಿದರೆ ಪ್ರತ್ಯೇಕವಾಸದಲ್ಲಿ ಇರಿಸುವ ಸಂಭವವಿದೆ.

ಪ್ರಶ್ನೆ: ಯಜಮಾನರ ಉದ್ಯೋಗದ ನಿಮಿತ್ತ ಲಿಲಾಂಗ್ವೆಯಲ್ಲಿದ್ದೇವೆ. ನಮ್ಮ ಮನೆಗೆಲಸದಾಕೆಯ ಹದಿನಾಲ್ಕು ತಿಂಗಳ ಮಗು ತೀರ ತೆಳ್ಳಗಿದೆ. ನಾನು ಡಬ್ಬಿ ಹಾಲಿನ ಪುಡಿ ಕೊಡುತ್ತಿದ್ದೇನೆ. ಇಲ್ಲಿನ ನಾಲ್ಕೈದು ಕನ್ನಡದ ಮನೆಯವರು ಸೇರಿ ಭಾನುವಾರಗಳಂದು ಹತ್ತಿರದ ಹಳ್ಳಿಯ ಮಕ್ಕಳಿಗೆ ಅನ್ನ ಸಾರು ಮಾಡಿ ಬಡಿಸೋಣವೆಂದೂ ಯೋಚಿಸಿದ್ದೇವೆ. — ಲಿಲಾಂಗ್ವೆ

ಉತ್ತರ: ಮೊದಲು ಆ ಮಗುವಿನ ವಿಷಯ. ಡಬ್ಬಿಯ ಹಾಲಿನ ಪುಡಿ ನಿಲ್ಲಿಸಿ. ಕಲಸುವ ನೀರು, ಬಾಟಲಿ, ಎರಡೂ ಶುದ್ಧವಿರುವುದು ಅವಳ ಮನೆಯಲ್ಲಿ ಕಷ್ಟ. ಪುಡಿ ಮುಗಿಯುತ್ತ ಬಂದಾಗ ಯಾರಾದರೂ ನೀರು ಹೆಚ್ಚು ಹಾಕುತ್ತಾರೆ, ಭೇದಿ ಹಿಡಿದರೆ ಇದ್ದ ತೂಕವೂ ಹೋಗುತ್ತದೆ. ಎದೆಹಾಲು ಎರಡು ವರ್ಷದವರೆಗೂ ಅದರಾಚೆಗೂ ಮುಂದುವರಿಯಲಿ. ತಾಯಿಗೆ ಎಚ್‌ಐವಿ ಇದ್ದರೆ ಏನು ಗತಿ ಎಂಬ ಅಳುಕಿನಿಂದ ಹಲವರು ಹಾಲು ಬಿಡಿಸುತ್ತಾರೆ, ಆದರೆ ಮಲಾವಿ 2011ರಿಂದಲೇ ಸೋಂಕಿರುವ ಎಲ್ಲ ಗರ್ಭಿಣಿಯರಿಗೂ ಬಾಣಂತಿಯರಿಗೂ ಜೀವನಪರ್ಯಂತ ಔಷಧ ಕೊಡುವ ಕ್ರಮವನ್ನು ಜಗತ್ತಿನಲ್ಲಿಯೇ ಮೊದಲು ಜಾರಿಗೆ ತಂದ ದೇಶ. ಔಷಧ ತಪ್ಪದೆ ತೆಗೆದುಕೊಳ್ಳುವ ತಾಯಿ ಹಾಲುಣಿಸಬಹುದು. ಅದನ್ನು ನೀವು ಅವಳಲ್ಲಿ ವಿಚಾರಿಸುವುದು ಬೇಡ, ಆರೋಗ್ಯ ಕೇಂದ್ರದವರು ನೋಡಿಕೊಳ್ಳುತ್ತಾರೆ. ಮಗುವಿನ ಪಾದಗಳಲ್ಲಿ ಬಾವು ಕಂಡರೆ ಒಂದು ದಿನವೂ ತಡಮಾಡಬೇಡಿ. ಬಾವಿಲ್ಲದಿದ್ದರೂ ಈ ವಾರವೇ ಸಂಬಳ ಕತ್ತರಿಸದೆ ರಜೆ ಕೊಟ್ಟು, ಹೆಲ್ತ್ ಪಾಸ್‌ಪೋರ್ಟ್ ಸಮೇತ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. ಅಲ್ಲಿ ಅಳತೆಯೂ ಚಿಕಿತ್ಸೆಯೂ ಉಚಿತ. ಕೆಂಪು ಬಂದರೆ ಮುಂದೆ ಪ್ರತಿ ಭೇಟಿಯ ದಿನವೂ ರಜೆ ಬೇಕಾಗುತ್ತದೆ. ಒಡತಿಯಾಗಿ ನೀವು ಮಾಡಬಹುದಾದ ಸೇವೆಯಲ್ಲಿ ಇದಕ್ಕಿಂತ ದೊಡ್ಡದು ಕಾಣೆ.

ಭಾನುವಾರದ ಅನ್ನ ಸಾರು ಬೇಡವೆನ್ನಲು ನನಗೆ ಮನಸ್ಸಿಲ್ಲ, ಹಬ್ಬದ ದಿನ ಧಾರಾಳವಾಗಿ ಮಾಡಿ. ಆದರೆ ಅದನ್ನು ಪೋಷಣೆಯ ಕಾರ್ಯಕ್ರಮವೆಂದು ಎಣಿಸಬೇಡಿ. ವಾರಕ್ಕೊಮ್ಮೆ ಸಾಲಿನಲ್ಲಿ ನಿಲ್ಲುವುದು ಓಡಿ ಬರಬಲ್ಲ ಎಂಟು ಹತ್ತು ವರ್ಷದ ಮಕ್ಕಳು. ನಿಜವಾಗಿ ಅಪಾಯದಲ್ಲಿರುವುದು ಮನೆಯಲ್ಲಿ ಬೆನ್ನಿಗೆ ಕಟ್ಟಿಸಿಕೊಂಡಿರುವ ಒಂದು ವರ್ಷದ ಕೂಸು. ಅದೇ ಹಣದಲ್ಲಿ ಹತ್ತಿರದ ಆರೋಗ್ಯ ಕೇಂದ್ರದ ಎಚ್‌ಎಸ್‌ಎಯನ್ನು, ಊರ ಮುಖ್ಯಸ್ಥರನ್ನು ಕಂಡು, ಕೇರ್ ಗ್ರೂಪಿನವರು ನಡೆಸುವ ಅಡುಗೆ ಪ್ರಾತ್ಯಕ್ಷಿಕೆಗೆ ಬೇಕಾದ ಸಾಮಗ್ರಿಯನ್ನು ತಿಂಗಳು ತಿಂಗಳು ಒದಗಿಸಬಹುದು: ನಾಲ್ಕು ಪಾಲು ಮೆಕ್ಕೆಜೋಳಕ್ಕೆ ಒಂದು ಪಾಲು ಹುರಿದ ಸೋಯಾ ಸೇರಿಸಿ ಬೀಸಿದ ಹಿಟ್ಟು, ಕಡಲೆಕಾಯಿ ಪುಡಿ, ಎಣ್ಣೆ, ಮೊಟ್ಟೆ, ಒಣ ಮೀನು. ಆ ಹಿಟ್ಟಿಗೆ ನೀವಿರುವ ನಗರದ ಪಕ್ಕದ ಲಿಕುನಿಯ ಹೆಸರೇ ಇದೆ, ಲಿಕುನಿ ಫಾಲಾ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಆರೇಳು ತಿಂಗಳ ಕೂಸಿಗೆ ಎದೆಹಾಲಿನ ಜೊತೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳು ದಾಟಿದ ಮೇಲೆ ಮೂರು ನಾಲ್ಕು ಸಲ, ನಡುವೆ ಹಣ್ಣಿನಂಥದ್ದು ಏನಾದರೂ ಎಂಬ ಲೆಕ್ಕವನ್ನು ಆ ಮಹಿಳೆಯರೇ ಹೇಳಿಕೊಡುತ್ತಾರೆ. ನೀವು ಹೋದಾಗ ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತು ನೋಡಿ, ಸೌದೆಗೋ ಪಾತ್ರೆಗೋ ಏನು ಕೊರತೆಯಿದೆ ಎಂದು ಸಭೆ ಮುಗಿದ ಮೇಲೆ ಕೇಳಿ.